ಸವೆದ ಬೆರಳಿನ ಜೊತೆ ಮಂಗಳೂರಿಗೆ

ನಮ್ಮ ದೊಡ್ಡಮ್ಮ ಮದುವೆಯಾಗಿ ಬಂದ ವರ್ಷದಿಂದ ಬೀಡಿ ಕಟ್ಟಿದವರು. ಮನೆ ಬೆಳ್ತಂಗಡಿ ತಾಲೂಕಿನ ಮಡಂತ್ಯಾರು ಕಡೆ. ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಬಿಗಿದು ಮೂವರು ಮಕ್ಕಳನ್ನು ಓದಿಸಿದರು. ಈಗ ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಪೂರ್ತಿ ನುಣ್ಣಗಾಗಿವೆ. ಬಿಸಿಲಿಗೆ ಹಿಡಿದು ನೋಡಿದರೂ ಗೆರೆ ಕಾಣುವುದಿಲ್ಲ. ಆ ಬೆರಳುಗಳನ್ನು ಆಧಾರ್‌ನಲ್ಲಿ ಹೊಸದಾಗಿ ದಾಖಲು ಮಾಡಿಸಲು ಅವರ ಜೊತೆ ಓಡಾಡಿದ್ದನ್ನು ದಿನದಿನಕ್ಕೆ ಬರೆದಿಟ್ಟುಕೊಂಡೆ. ಕರಾವಳಿಯಲ್ಲಿ ಇದೇ ಕಷ್ಟ ಪಡುವ ಮನೆಗಳು ತುಂಬಾ ಇವೆ. ಅವರಲ್ಲಿ ಕೆಲವರಿಗಾದರೂ ಇದು ಕೆಲಸಕ್ಕೆ ಬರಲಿ ಅಂತ ಆಸೆ.

ಸೋಮವಾರ, ಊರಲ್ಲೇ

ಬೆಳಗ್ಗೆ ರೇಷನ್ ಅಂಗಡಿಗೆ ಹೋದೆವು. ಪಡಿತರ ಚೀಟಿಗೆ ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತು ಖಚಿತಪಡಿಸುವುದು, ಆಗಬೇಕಿತ್ತು. ದೊಡ್ಡಮ್ಮನದು ಒಂಟಿ ಚೀಟಿ. ಮಗ ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದಾನೆ, ಹೆಣ್ಣುಮಕ್ಕಳಿಬ್ಬರೂ ಗಂಡನ ಮನೆಯಲ್ಲಿದ್ದಾರೆ. ಚೀಟಿಯಲ್ಲಿ ನಾಲ್ಕು ಜನ ಇದ್ದರೆ ಯಾರಾದರೊಬ್ಬರ ಬೆರಳು ಬಂದರೂ ಅಕ್ಕಿ ಸಿಗುತ್ತದೆ. ಒಬ್ಬರೇ ಇದ್ದರೆ ಆ ದಾರಿಯೂ ಇಲ್ಲ.

ಅಂಗಡಿಯವರು ಒಳ್ಳೆಯವರು. ಒಂದೊಂದೇ ಬೆರಳು ಇಡಿಸಿದರು. ಕರ್ಚೀಫಿನಲ್ಲಿ ಒರೆಸಿ ಇಡಿಸಿದರು. ಪ್ರತಿಸಲವೂ ಕೆಂಪು ಅಕ್ಷರ ಬಂತು. ಹೋದ ತಿಂಗಳು ಹೇಗೋ ಎಡಗೈಯ ಒಂದು ಬೆರಳು ಬಂದಿತ್ತಂತೆ, ಈ ಸಲ ಅದೂ ಇಲ್ಲ. ಚಳಿಗೆ ಚರ್ಮ ಒಣಗಿದಾಗ ಇನ್ನೂ ಕಷ್ಟ. "ಆಧಾರ್‌ನಲ್ಲಿ ಬೆರಳು ಹೊಸದಾಗಿ ಕೊಟ್ಟು ಬನ್ನಿ, ಹಳೇದು ಈಗಿನ ಕೈಗೆ ತಾಳೆ ಆಗ್ತಿಲ್ಲ" ಅಂದರು.

ಅಕ್ಕಿಯೊಂದೇ ಆಗಿದ್ದರೆ ದೊಡ್ಡಮ್ಮ ಸುಮ್ಮನಿರುತ್ತಿದ್ದರು. ರೇಷನ್‌ನಲ್ಲಿ ಬರುವುದು ಹೆಚ್ಚಾಗಿ ಬೆಳ್ತಿಗೆ ಅಕ್ಕಿ, ಅವರು ಉಣ್ಣುವುದು ಕುಚ್ಚಲಕ್ಕಿ ಗಂಜಿ. ದೊಡ್ಡ ಚಿಂತೆ ಪಿಂಚಣಿಯದು. ಬೀಡಿ ಕಟ್ಟಿದ ವರ್ಷಗಳ ಪಿಎಫ್‌ನಿಂದ ತಿಂಗಳಿಗೆ ಸಣ್ಣ ಮೊತ್ತ ಬರುತ್ತದೆ. ಅವರ ಮದ್ದು, ಕರೆಂಟ್ ಬಿಲ್ಲು, ದೇವಸ್ಥಾನದ ಕಾಣಿಕೆ ಎಲ್ಲ ಅದರಲ್ಲೇ. ಆ ಪಿಂಚಣಿ ನಿಲ್ಲದೆ ಬರಬೇಕಾದರೆ ವರ್ಷಕ್ಕೊಮ್ಮೆ ಬದುಕಿದ್ದೇನೆ ಅಂತ ಜೀವನ ಪ್ರಮಾಣಪತ್ರ ಕೊಡಬೇಕು. ಅದಕ್ಕೂ ಬೆರಳೇ ಕೇಳುತ್ತಾರೆ. ಕೊಡಬೇಕಾದ ದಿನ ಹತ್ತಿರ ಬಂದಿತ್ತು.

ಮನೆಗೆ ಬರುವಾಗ ದೊಡ್ಡಮ್ಮ ದಾರಿಯುದ್ದಕ್ಕೂ ಕೈಯನ್ನೇ ನೋಡಿಕೊಳ್ಳುತ್ತಿದ್ದರು. "ನಾನೇನಾದ್ರೂ ತಪ್ಪು ಮಾಡಿದೆನಾ?" ಅಂತ ಕೇಳಿದರು. ಆ ಮಾತು ನನಗೆ ತುಂಬಾ ನೋವು ಕೊಟ್ಟಿತು. ಜೀವಮಾನ ದುಡಿದ ಕೈ ಅದು. ನಾಳೆಯೇ ಪೇಟೆಗೆ ಹೋಗೋಣ ಅಂದೆ.

ಮಂಗಳವಾರ, ತಾಲೂಕಿನ ಪೇಟೆ

ಪೇಟೆಯ ಒಂದು ಆಧಾರ್ ಕೇಂದ್ರದ ಬಾಗಿಲಲ್ಲಿ ಎಂಟು ಗಂಟೆಗೇ ಸಾಲು ಇತ್ತು. ಶಾಲೆಯ ಮಕ್ಕಳು ಜಾಸ್ತಿ. ಐದು ವರ್ಷ ತುಂಬಿದಾಗ ಒಮ್ಮೆ, ಹದಿನೈದು ತುಂಬಿದಾಗ ಒಮ್ಮೆ ಮಕ್ಕಳ ಬೆರಳು, ಕಣ್ಣು ಕಡ್ಡಾಯವಾಗಿ ಕೊಡಬೇಕಲ್ವಾ, ಅದಕ್ಕೆ ಬಂದವರು. ಮಿಕ್ಕವರಲ್ಲಿ ವಯಸ್ಸಾದ ಹೆಂಗಸರೇ ಹೆಚ್ಚು. ಜಗಲಿಯಲ್ಲಿ ಕೂತು ಮಾತಾಡುತ್ತಾ ಹೋದಂತೆ ಒಂದು ವಿಷಯ ಗೊತ್ತಾಯಿತು. ಒಬ್ಬರು ಗೇರುಬೀಜದ ಕಾರ್ಖಾನೆಯಲ್ಲಿ ಇದ್ದವರು. ಬೀಜದ ಸಿಪ್ಪೆಯ ಎಣ್ಣೆ ತಾಗಿ ಬೆರಳ ತುದಿ ಸುಟ್ಟು ಕಪ್ಪಾಗಿದೆ. ಇನ್ನೊಬ್ಬರು ಮಳೆಗಾಲ ಬಿಟ್ಟರೆ ಅಡಿಕೆ ಸುಲಿಯುವವರು. ಇನ್ನಿಬ್ಬರು ನಮ್ಮ ದೊಡ್ಡಮ್ಮನ ಹಾಗೆ ಬೀಡಿಯವರು. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ಕೂಲಿ ಸಿಗುವ ಕಡೆ ಮಾಡಿದ ಕೆಲಸಗಳಲ್ಲಿ ಬೆರಳ ತುದಿ ಸವೆಸದ ಕೆಲಸ ಯಾವುದಿದೆ?

ಬೀಡಿ ಎಲೆಯನ್ನು ನೆನೆಸಿಡುತ್ತಾರೆ. ಒದ್ದೆ ಎಲೆಯ ನರ ತೀಡಿ, ಅಳತೆಯ ತಗಡು ಇಟ್ಟು ಕತ್ತರಿ ಆಡಿಸುತ್ತಾರೆ. ಆಮೇಲೆ ಹೆಬ್ಬೆರಳು, ತೋರುಬೆರಳ ನಡುವೆ ಎಲೆ ಉರುಳಬೇಕು. ದಿನಕ್ಕೆ ಸಾವಿರ ಬೀಡಿ ಅಂದರೆ ಸಾವಿರ ಸಲ ಉರುಳಬೇಕು. ಬೆರಳ ಗೆರೆಗಳು ತಾಯಿಯ ಹೊಟ್ಟೆಯಲ್ಲೇ ಮೂಡುತ್ತವೆ. ಮೇಲಿನ ಚರ್ಮ ಸವೆದರೆ, ಕೈಗೆ ಸ್ವಲ್ಪ ದಿನ ವಿಶ್ರಾಂತಿ ಸಿಕ್ಕಾಗ ಅದೇ ಗೆರೆ ಮತ್ತೆ ಬರುತ್ತದೆ. ಆದರೆ ವಯಸ್ಸಾದವರಿಗೆ ಅದು ನಿಧಾನ. ವಿಶ್ರಾಂತಿಯಂತೂ ಇವರಿಗೆ ಸಿಕ್ಕಿದ್ದೇ ಇಲ್ಲ.

ನಮ್ಮ ಸರದಿ ಬಂದಾಗ ಹನ್ನೊಂದೂವರೆ. ಹುಡುಗ ಎರಡು ಸಲ ಬೆರಳು ಇಡಿಸಿ, "ಬರ್ತಿಲ್ಲ ಅಮ್ಮ, ಆರು ತಿಂಗಳು ಬಿಟ್ಟು ಬನ್ನಿ" ಅಂದ. ಕಣ್ಣಿನದ್ದಾದರೂ ತೆಗೆದುಕೊಳ್ಳಿ ಅಂದೆ. ಕಣ್ಣಿನ ಯಂತ್ರ ರಿಪೇರಿಗೆ ಹೋಗಿದೆ ಅಂದ. ಅಷ್ಟರಲ್ಲಿ ಮುಂದಿನವರನ್ನು ಕರೆದಾಯಿತು.

ಬೆರಳು ಬಾರದವರಿಗೆ ಆಧಾರ್ ಇಲ್ಲ ಅಂತ ಯಾವ ನಿಯಮವೂ ಇಲ್ಲ. ಕೇರಳದ ಕುಮಾರಕೋಮಿನಲ್ಲಿ ಕೈಬೆರಳುಗಳೇ ಇಲ್ಲದ ಒಬ್ಬ ಹೆಣ್ಣುಮಗಳಿಗೆ ಆಧಾರ್ ಸಿಕ್ಕಿರಲಿಲ್ಲ. ಸುದ್ದಿ ಆದ ಮೇಲೆ ಅಧಿಕಾರಿಗಳು ಮನೆಗೇ ಹೋಗಿ ನೋಂದಣಿ ಮಾಡಿದರು. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇದನ್ನು ಬಿಡಿಸಿ ಹೇಳಿತು. ಬೆರಳು ಇಲ್ಲದಿದ್ದರೆ, ಗೆರೆ ಸವೆದಿದ್ದರೆ ಕಣ್ಣಿನ ಪಾಪೆಯ ಗುರುತು ಸಾಕು. ಕಣ್ಣು ಕೊಡಲಾಗದಿದ್ದರೆ ಬೆರಳು ಸಾಕು. ಎರಡೂ ಆಗದವರಿಗೂ ದಾರಿ ಇದೆ, ಹೆಸರು, ವಿಳಾಸ, ಫೋಟೊ ತೆಗೆದುಕೊಂಡು ನೋಂದಣಿ ಮಾಡಬೇಕು. ಇಷ್ಟು ಸ್ಪಷ್ಟವಾಗಿ ಇರುವುದನ್ನು ಕೌಂಟರಿನಲ್ಲಿ ಕೂತವರು ಒಂದು ಮಾತಲ್ಲಿ ಹೇಳಿದ್ದರೆ ಆ ಜಗಲಿಯಲ್ಲಿದ್ದ ಹೆಂಗಸರು ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಅವತ್ತು ನನಗೆ ಸಿಟ್ಟು ಬಂದದ್ದು ನಿಜ.

ಬುಧವಾರ, ಮನೆಯಲ್ಲಿ

ಮಂಗಳೂರಿನ ಕೇಂದ್ರಕ್ಕೆ ಆನ್‌ಲೈನ್‌ನಲ್ಲಿ ಸಮಯ ತೆಗೆದುಕೊಂಡೆ, ಮರುದಿನಕ್ಕೇ ಸಿಕ್ಕಿತು. ದೊಡ್ಡಮ್ಮ ಈಗಲೂ ಸಂಜೆ ಸ್ವಲ್ಪ ಬೀಡಿ ಕಟ್ಟುತ್ತಾರೆ. ಇವತ್ತು ತಡ್ಪೆ ಮುಟ್ಟಬೇಡಿ ಅಂದೆ. ಉಗುರು ಬೆಚ್ಚಗಿನ ನೀರಲ್ಲಿ ಕೈ ನೆನೆಸಿ, ತೆಂಗಿನೆಣ್ಣೆ ಹಚ್ಚಿ ಕೂತರು.

ಟ್ರಂಕಿನಿಂದ ಕಾಗದಗಳನ್ನೆಲ್ಲ ಹೊರಗೆ ತೆಗೆದೆವು. ಆಧಾರ್, ರೇಷನ್ ಕಾರ್ಡ್, ಮತದಾರರ ಚೀಟಿ, ಪಿಎಫ್ ಕಾಗದ. ಎಲ್ಲದರ ಅಡಿಯಲ್ಲಿ ಪ್ಲಾಸ್ಟಿಕ್‌ನಲ್ಲಿ ಸುತ್ತಿದ್ದ ಬೀಡಿ ಕಾರ್ಮಿಕರ ಗುರುತಿನ ಚೀಟಿ. ಮೂವತ್ತರ ವಯಸ್ಸಿನ ಫೋಟೊ, ಎರಡು ಜಡೆ ಮುಂದೆ ಹಾಕಿಕೊಂಡಿದ್ದಾರೆ. ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ 1976ರಲ್ಲೇ ಕಾನೂನು ಬಂದಿದೆ. ಆ ನಿಧಿಯ ಆಸ್ಪತ್ರೆ, ಮಕ್ಕಳ ವಿದ್ಯಾರ್ಥಿವೇತನ ಎಲ್ಲಕ್ಕೂ ಈ ಚೀಟಿ ಬೇಕಿತ್ತು. "ಇದು ನನ್ನ ಮೊದಲ ಕಾರ್ಡು, ದುಡಿದು ತಗೊಂಡದ್ದು" ಅಂದರು. ಆ ಚೀಟಿಯನ್ನು ಅವರು ಹಿಡಿದುಕೊಂಡ ರೀತಿ ನೋಡಿದರೆ ಬೇರೆ ಯಾವ ಕಾರ್ಡಿನ ಮೇಲೂ ಅವರಿಗೆ ಅಷ್ಟು ಪ್ರೀತಿ ಇಲ್ಲ ಅಂತ ಗೊತ್ತಾಗುತ್ತಿತ್ತು.

ಆಧಾರ್‌ನಲ್ಲಿ ಅವರ ಹುಟ್ಟಿದ ದಿನ ಜನವರಿ 1. ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರಿಗೆಲ್ಲ ಹೀಗೇ ಬರೆದಿದ್ದಾರೆ. ಬದಲಿಸೋಣವೇ ಅಂತ ಮಾತಾಯಿತು. ಬೇಡ ಅಂದೆ. ಹುಟ್ಟಿದ ದಿನ ಬದಲಿಸಲು ಜೀವನದಲ್ಲಿ ಒಂದೇ ಅವಕಾಶ, ಹೆಸರಿಗೆ ಎರಡು. ಪಿಎಫ್ ದಾಖಲೆಯಲ್ಲೂ ಅದೇ ವರ್ಷ ಇದೆ. ಸರಿ ಇರುವುದನ್ನು ಮುಟ್ಟಿದರೆ ಪಿಂಚಣಿಗೆ ಹೊಸ ತೊಡಕು. ಬದಲಿಸಬೇಕಾದದ್ದು ಮೊಬೈಲ್ ನಂಬರ್. ಆಧಾರ್‌ಗೆ ಜೋಡಿಸಿದ್ದು ಮಗನ ಹಳೆಯ ಸಿಮ್, ಅದು ಬಂದ್ ಆಗಿ ತುಂಬಾ ಕಾಲವಾಗಿದೆ. ನಂಬರ್ ಸರಿಯಿದ್ದರೆ ಎಷ್ಟೋ ಕೆಲಸ ಒಟಿಪಿಯಲ್ಲೇ ಮುಗಿಯುತ್ತದೆ, ಬೆರಳೇ ಬೇಕಾಗುವುದಿಲ್ಲ. ನಂಬರನ್ನೂ ಕೇಂದ್ರದಲ್ಲೇ ಬದಲಿಸಿಕೊಳ್ಳಬಹುದು. ಒಂದೇ ಹೋಗುವಿಕೆಯಲ್ಲಿ ಎರಡನ್ನೂ ಮುಗಿಸುವುದು ಅಂತ ತೀರ್ಮಾನ ಆಯಿತು.

ಗುರುವಾರ, ಮಂಗಳೂರು

ಧರ್ಮಸ್ಥಳದಿಂದ ಬರುವ ಸರ್ಕಾರಿ ಬಸ್ಸಿಗೆ ಕಾದೆವು. ಎದುರಿಗೆ ಎರಡು ಖಾಸಗಿ ಬಸ್ಸು ಸಿಳ್ಳೆ ಹೊಡೆದು ಹೋದವು. ದೊಡ್ಡಮ್ಮ ಹತ್ತಲಿಲ್ಲ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಅಲ್ವಾ. ನಮ್ಮ ಕಡೆ ಖಾಸಗಿ ಬಸ್ಸೇ ಹೆಚ್ಚು, ಹಾಗಾಗಿ ಕೆಂಪು ಬಸ್ಸಿಗೆ ಕಾಯುವ ತಾಳ್ಮೆ ಬೇಕು. ಕಂಡಕ್ಟರ್ ಆಧಾರ್ ನೋಡಿ ಶೂನ್ಯ ಟಿಕೆಟ್ ಹರಿದುಕೊಟ್ಟರು. ಇಲ್ಲಿ ಮುಖ ನೋಡಿದರೆ ಸಾಕು, ಬೆರಳು ಬೇಡ. ದೊಡ್ಡಮ್ಮ ಟಿಕೆಟನ್ನು ಪರ್ಸಿನಲ್ಲಿ ಮಡಚಿಟ್ಟರು.

ಪುಂಜಾಲಕಟ್ಟೆ, ಬಂಟ್ವಾಳ, ಬಿ.ಸಿ. ರೋಡ್. ಅಲ್ಲಿಂದ ಮುಂದೆ ಎಡಗಡೆ ನೇತ್ರಾವತಿ ಜೊತೆಗೇ ಬರುತ್ತದೆ. ತುಂಬೆಯ ಹತ್ತಿರ ನೀರು ತುಂಬಿ ನಿಂತಿತ್ತು. ಮಂಗಳೂರಿಗೆ ಕುಡಿಯುವ ನೀರು ಹೋಗುವುದು ಅಲ್ಲಿಯ ಕಿಂಡಿ ಅಣೆಕಟ್ಟಿನಿಂದ. ಆಧಾರ್ ಅಂತ ಇದನ್ನೆಲ್ಲ ಯಾರು ಶುರು ಮಾಡಿದ್ದು ಅಂತ ದೊಡ್ಡಮ್ಮ ಕೇಳಿದರು. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ತೆಂಭ್ಲಿ ಅನ್ನುವ ಆದಿವಾಸಿ ಹಳ್ಳಿಯಲ್ಲಿ ಮೊದಲ ಆಧಾರ್ ಕೊಟ್ಟರು, ತೆಗೆದುಕೊಂಡವರೂ ಒಬ್ಬ ಹೆಣ್ಣುಮಗಳೇ ಅಂದೆ. ಆಗ ಆಧಾರ್ ಕೊಡುವ ಪ್ರಾಧಿಕಾರದ ಅಧ್ಯಕ್ಷರಾಗಿದ್ದವರು ನಂದನ್ ನಿಲೇಕಣಿ, ಬೆಂಗಳೂರಿನವರು. ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆ ಮಾಡಿದವರೂ ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಆಧಾರ್ ಉಳಿಯಿತು. ಆದರೆ ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್ಮಿಗೆ ಅದು ಕಡ್ಡಾಯ ಅನ್ನುವುದು ಬಿದ್ದುಹೋಯಿತು. ರೇಷನ್ ವಿಷಯದಲ್ಲೂ 2017ರಲ್ಲೇ ಕೇಂದ್ರದ ಆಹಾರ ಇಲಾಖೆ ರಾಜ್ಯಗಳಿಗೆ ಸೂಚನೆ ಕೊಟ್ಟಿದೆ, ಬೆರಳು ತಾಳೆಯಾಗಲಿಲ್ಲ ಅಂತ ಯಾರಿಗೂ ಅಕ್ಕಿ ನಿಲ್ಲಿಸಬಾರದು ಅಂತ. ದೊಡ್ಡಮ್ಮ ಎಲ್ಲ ಕೇಳಿಸಿಕೊಂಡು, "ಎಂಬತ್ತು ದಾಟಿದವರು ಕೋರ್ಟಿಗೆ ಹೋದರಾ?" ಅಂದರು. ಅವರಿಗೆ ಮನಸ್ಸಿಗೆ ತಾಗಿದ್ದು ಅದು.

ಮಂಗಳೂರಿನ ಜ್ಯೋತಿ ಬಸ್ ಸ್ಟಾಪಿನಲ್ಲಿ ಇಳಿದೆವು. ಬನ್ಸ್ ತಿಂದು ಚಾ ಕುಡಿದು ಕೇಂದ್ರಕ್ಕೆ ಹೋದರೆ ಸರ್ವರ್ ಇಲ್ಲ. ಮಧ್ಯಾಹ್ನದವರೆಗೆ ಕೂತೆವು. ಮೂರು ಗಂಟೆಗೆ, ಇವತ್ತು ಆಗುವುದಿಲ್ಲ, ನಾಳೆ ಇದೇ ಚೀಟಿಯಲ್ಲಿ ಬನ್ನಿ ಅಂದರು. ನಾಳೆಯೂ ಸಾಲಲ್ಲಿ ನಿಲ್ಲಿಸುವುದಿಲ್ಲ ಅಂತ ಹೇಳಿ ಚೀಟಿಯ ಮೇಲೆ ಬರೆದುಕೊಟ್ಟರು, ಅದು ಅವರ ಒಳ್ಳೆಯತನ. ಕುಲಶೇಖರದಲ್ಲಿ ನಮ್ಮ ನೆಂಟರ ಮನೆ ಇದೆ, ಅಲ್ಲಿ ಉಳಿದೆವು. ಸಂಜೆ ಕದ್ರಿ ದೇವಸ್ಥಾನಕ್ಕೆ ಹೋಗಿಬಂದೆವು.

ಶುಕ್ರವಾರ, ಅದೇ ಕೇಂದ್ರ

ಇವತ್ತಿನ ಕೌಂಟರಿನಲ್ಲಿ ಒಬ್ಬ ಹೆಣ್ಣುಮಗಳು ಇದ್ದರು. ದೊಡ್ಡಮ್ಮ ಕೂತ ಕೂಡಲೇ ಅವರ ಕೈ ಹಿಡಿದು ತಿರುಗಿಸಿ ನೋಡಿ, "ಬೀಡಿಯಾ?" ಅಂತ ಕೇಳಿದರು. ನನ್ನ ಅಮ್ಮನದೂ ಹೀಗೇ ಇದೆ ಅಂದರು. ಅಲ್ಲಿಂದ ಮುಂದೆ ಮಾತೆಲ್ಲ ತುಳುವಿನಲ್ಲಿ. ದೊಡ್ಡಮ್ಮನ ಭುಜ ಸಡಿಲವಾದದ್ದು ನನಗೆ ಕಂಡಿತು.

ಮೊದಲು ಯಂತ್ರದ ಗಾಜು ಒರೆಸಿದರು. ಒದ್ದೆ ಬಟ್ಟೆಯಲ್ಲಿ ದೊಡ್ಡಮ್ಮನ ಬೆರಳು ಒರೆಸಿ, ಸ್ವಲ್ಪ ತೇವ ಉಳಿಯುವ ಹಾಗೆ ಬಿಟ್ಟರು. ಪೂರ್ತಿ ಒಣಗಿದ್ದರೂ ಬರುವುದಿಲ್ಲ, ನೀರು ಜಾಸ್ತಿಯಾದರೂ ಬರುವುದಿಲ್ಲ ಅಂತ ವಿವರಿಸಿದರು. ಎಡಗೈಯ ನಾಲ್ಕು ಬೆರಳು ಒಟ್ಟಿಗೆ, ಆಮೇಲೆ ಬಲಗೈಯ ನಾಲ್ಕು, ಕೊನೆಗೆ ಎರಡು ಹೆಬ್ಬೆರಳು. ಇದೇ ಕ್ರಮ. ಪ್ರತಿ ಸಲ ಅವರೇ ಎದ್ದು ಬಂದು, ದೊಡ್ಡಮ್ಮನ ಬೆರಳುಗಳ ಮೇಲೆ ತಮ್ಮ ಕೈ ಇಟ್ಟು ಮೆಲ್ಲಗೆ ಒತ್ತಿದರು. ಮಗುವಿಗೆ ಅಕ್ಷರ ತಿದ್ದಿಸುವವರ ಹಾಗೆ.

ಎಡಗೈ ಪರವಾಗಿಲ್ಲ. ಬೀಡಿ ಸುತ್ತುವಾಗ ಅಷ್ಟು ಕೆಲಸವಿಲ್ಲದ ಉಂಗುರ ಬೆರಳು, ಕಿರುಬೆರಳು ಹಸಿರು ತೋರಿಸಿದವು. ಬಲಗೈಯಲ್ಲಿ ತೊಂದರೆ. ಮತ್ತೆ ಮತ್ತೆ ಇಡಿಸಿದರು. ಹೀಗೆ ಕೆಲವು ಸಲ ಪ್ರಯತ್ನ ಮಾಡಿದ ಮೇಲೆ, ಬಂದದ್ದರಲ್ಲಿ ಚೆನ್ನಾಗಿರುವುದನ್ನು ತಂತ್ರಾಂಶವೇ ತೆಗೆದುಕೊಳ್ಳುತ್ತದಂತೆ. ಆಪರೇಟರ್ ಮಧ್ಯದಲ್ಲಿ ಕೈಬಿಡಬಾರದು, ಅಷ್ಟೇ. ಮಂಗಳವಾರ ಎರಡೇ ಸಲಕ್ಕೆ ಬಿಟ್ಟದ್ದು ನೆನಪಾಯಿತು.

ಕಣ್ಣಿನ ಸರದಿ ಬಂದಾಗ ಕಿಟಕಿಯ ಪರದೆ ಎಳೆದರು. ದೊಡ್ಡಮ್ಮನ ರೆಪ್ಪೆ ಜೋಲು ಬಿದ್ದಿದೆ, ಪಾಪೆ ಅರ್ಧ ಮುಚ್ಚುತ್ತದೆ. ನಾನು ಹಿಂದೆ ನಿಂತು ಬೆರಳಲ್ಲಿ ರೆಪ್ಪೆ ಎತ್ತಿ ಹಿಡಿದೆ. ಎರಡೂ ಕಣ್ಣು ಬಂತು, ಚೆನ್ನಾಗಿ ಬಂತು. ಕಣ್ಣಿನ ಪಾಪೆಯ ವಿನ್ಯಾಸ ಕೈ ಕೆಲಸದಿಂದ ಸವೆಯುವುದಿಲ್ಲ. ದುಡಿದವರ ಪಾಲಿಗೆ ಇದು ಬೆರಳಿಗಿಂತ ನಂಬಿಕೆಯ ಗುರುತು ಅಂತ ನನಗೆ ಅನ್ನಿಸಿತು. ಪ್ರತಿ ರೇಷನ್ ಅಂಗಡಿಯಲ್ಲೂ ಕೆಲಸ ಮಾಡುವ ಒಂದು ಕಣ್ಣಿನ ಯಂತ್ರ ಇರಬೇಕು. ಇದು ದಾನ ಅಲ್ಲ, ಅವರಿಗೆ ಸಲ್ಲಬೇಕಾದದ್ದು.

ಫೋಟೊ ತೆಗೆದರು. ಹೊಸ ಮೊಬೈಲ್ ನಂಬರ್ ಸೇರಿಸಿದರು. ಪರದೆಯನ್ನು ನಮ್ಮ ಕಡೆ ತಿರುಗಿಸಿ, ಹೆಸರು, ಮನೆ, ಗ್ರಾಮ ಎಲ್ಲವನ್ನೂ ಕನ್ನಡದಲ್ಲಿ ಓದಿಸಿದರು. ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿತ್ತು, ಮುಟ್ಟಬೇಡಿ ಅಂದೆ. ರೇಷನ್ ಕಾರ್ಡಿನಲ್ಲೂ, ಪಿಎಫ್‌ನಲ್ಲೂ ಹಾಗೇ ಇದೆ. ಶುಲ್ಕ 125 ರೂಪಾಯಿ. ಬಯೋಮೆಟ್ರಿಕ್ ಜೊತೆಗೇ ಮಾಡಿಸಿದ್ದರಿಂದ ನಂಬರಿಗೆ ಬೇರೆ ದುಡ್ಡಿಲ್ಲ. ರಸೀದಿ ಕೈಗೆ ಬಂತು. ಅದರ ಮೇಲಿರುವ ನಂಬರ್, ದಿನಾಂಕ, ಸಮಯ ಇದ್ದರೆ ಕೆಲಸ ಎಲ್ಲಿಯವರೆಗೆ ಬಂತು ಅಂತ ನೋಡಬಹುದು. ಹಾಗಾಗಿ ಅದನ್ನು ಕಳೆಯಬಾರದು.

ಹೊರಡುವಾಗ ಆ ಹೆಣ್ಣುಮಗಳು ಒಂದು ಮಾತು ಹೇಳಿದರು. "ಅಮ್ಮ, ಎಲ್ಲಿ ಬೆರಳು ಬರಲಿಲ್ಲ ಅಂದ್ರೂ ಎದ್ದು ಬರಬೇಡಿ. ಕಣ್ಣು ತಗೊಳ್ಳಿ, ಮುಖ ತಗೊಳ್ಳಿ, ಒಟಿಪಿ ಕಳಿಸಿ ಅಂತ ಕೇಳಿ." ದೊಡ್ಡಮ್ಮ ಅದನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡರು. ಕಣ್ಣು, ಮುಖ, ಒಟಿಪಿ.

ಆಮೇಲಿನ ದಿನಗಳು

ಅಪ್‌ಡೇಟ್ ಆಯಿತು ಅಂತ ಮೆಸೇಜ್ ಬಂದ ಮರುದಿನವೇ ರೇಷನ್ ಅಂಗಡಿಗೆ ಹೋದೆವು. ಹೆಬ್ಬೆರಳು ಬರಲಿಲ್ಲ. ಎಡಗೈಯ ಉಂಗುರ ಬೆರಳು ಮೊದಲ ಸಲಕ್ಕೇ ಬಂತು. ಅಂಗಡಿಯವರು ಪುಸ್ತಕದಲ್ಲಿ ದೊಡ್ಡಮ್ಮನ ಹೆಸರಿನ ಎದುರು ಬರೆದಿಟ್ಟುಕೊಂಡರು, ಎಡ ಉಂಗುರ ಅಂತ. ಯಾವ ಬೆರಳು ಚೆನ್ನಾಗಿ ಬರುತ್ತದೆ ಅಂತ ಒಬ್ಬೊಬ್ಬರದೂ ಹೀಗೆ ಗುರುತು ಮಾಡಿಟ್ಟರೆ ಎಷ್ಟು ಜನರ ಸಮಯ ಉಳಿಯುತ್ತದೆ!

ಜೀವನ ಪ್ರಮಾಣಪತ್ರ ನನ್ನ ಫೋನಿನಲ್ಲೇ ಆಯಿತು. ಮುಖ ನೋಡಿ ಗುರುತು ಹಿಡಿಯುವ ಸೌಲಭ್ಯ ಪಿಂಚಣಿದಾರರಿಗೆ 2021ರಿಂದ ಇದೆ. ಜೀವನ್ ಪ್ರಮಾಣ್ ಅನ್ನುವ ಆ್ಯಪ್, ಜೊತೆಗೆ ಆಧಾರ್‌ನವರ ಫೇಸ್ ಆರ್‌ಡಿ ಅನ್ನುವ ಆ್ಯಪ್, ಎರಡೂ ಫೋನಿನಲ್ಲಿ ಬೇಕು. ಅಂಗಳದಲ್ಲಿ ಬೆಳಕಿಗೆ ಮುಖ ಮಾಡಿ ಕೂರಿಸಿದೆ. ಕಣ್ಣು ಮಿಟುಕಿಸಿ ಅಂದಿತು, ಮಿಟುಕಿಸಿದರು. ಪ್ರಮಾಣಪತ್ರದ ನಂಬರ್ ಬಂತು. ಪಿಎಫ್ ಪಿಂಚಣಿದಾರರಿಗೆ ಇದು ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಬ್ಯಾಂಕಿಗೂ ಹೋಗಬೇಕಿಲ್ಲ.

ಈಗ ಅಕ್ಕಪಕ್ಕದ ಮನೆಯ ಬೀಡಿಯವರು ದೊಡ್ಡಮ್ಮನ ಹತ್ತಿರ ಬಂದು ಕೇಳಿ ಹೋಗುತ್ತಿದ್ದಾರೆ. ಹಿಂದಿನ ದಿನ ಬೀಡಿ ಕಟ್ಟಬೇಡಿ, ಎಣ್ಣೆ ಹಚ್ಚಿ, ಬೆಳಗ್ಗೆ ಸೋಪಿನಲ್ಲಿ ಕೈ ತೊಳೆದು ಹೋಗಿ, ಕಾಗದದ ಅಸಲು ಪ್ರತಿ ಒಯ್ಯಿರಿ, ಚಾಲ್ತಿಯಲ್ಲಿರುವ ಫೋನ್ ಒಯ್ಯಿರಿ ಅಂತ ಹೇಳಿಕೊಡುತ್ತಾರೆ. ಗೇರುಬೀಜದ ಕಾರ್ಖಾನೆಯ ಆ ಅಮ್ಮನ ಫೋನ್ ನಂಬರ್ ಅವತ್ತೇ ತೆಗೆದುಕೊಂಡಿದ್ದೆ. ಅವರಿಗೂ, ನಮ್ಮ ಪಕ್ಕದ ಮನೆಯವರಿಗೂ ಮಂಗಳೂರಿನ ಕೇಂದ್ರದಲ್ಲಿ ಬರುವ ಗುರುವಾರಕ್ಕೆ ಸಮಯ ಸಿಕ್ಕಿದೆ. ದೊಡ್ಡಮ್ಮನೂ ಜೊತೆಗೆ ಬರುತ್ತಾರಂತೆ.